ಹರವಿಯಲ್ಲಿ ಒಂದು ಗೇಣು

ಎಳ್ಳ ಅಮಾವಾಸ್ಯೆ ಹತ್ತಿರ ಬಂತೆಂದರೆ ನಮ್ಮ ಮನೆಯಲ್ಲಿ ಜೋರಾಗಿ ಮಾತಾಡುವುದು ನಿಂತುಹೋಗುತ್ತಿತ್ತು. ಬೈಗುಳ ಇಲ್ಲ, ನಗು ಇಲ್ಲ, ಬಾಗಿಲನ್ನು ದಬ್ಬನೆ ಹಾಕುವಂತಿಲ್ಲ. ಎಮ್ಮೆಯನ್ನು ಎಬ್ಬಿಸಬೇಕಾದರೂ ದೂರದಿಂದ ಕೂಗದೆ ಅದರ ಕಿವಿಯ ಹತ್ತಿರ ಹೋಗಿ ಹೇಳಬೇಕು. ಯಾಕೆಂದರೆ ಒಳಗಿನ ಕತ್ತಲೆ ಕೋಣೆಯಲ್ಲಿ ಹೊಲದವ್ವನ ಹರವಿ ಕೂತಿರುತ್ತಿತ್ತು. ಹರವಿ ಎಂದರೆ ನೀರು ತುಂಬಿಡುವ ದೊಡ್ಡ ಮಣ್ಣಿನ ಗಡಿಗೆ; ಆದರೆ ಇದರಲ್ಲಿ ಇರುತ್ತಿದ್ದದ್ದು ನೀರಲ್ಲ. ಗದ್ದಲ ಕೇಳಿದರೆ ಅದಕ್ಕೆ ಸಿಟ್ಟು ಬರುತ್ತದೆ, ಸಿಟ್ಟು ಬಂದರೆ ಉಕ್ಕುತ್ತದೆ, ಉಕ್ಕಿದರೆ ಮನೆಗೆ ಕೇಡು ಎಂದು ಆಯಿ ನಂಬಿದ್ದಳು. ಆಯಿ ನನ್ನ ಅಪ್ಪನ ತಾಯಿ. ಆಕೆ ನಂಬಿದ್ದನ್ನು ಆ ಮನೆಯಲ್ಲಿ ಎಲ್ಲರೂ ನಂಬಬೇಕಿತ್ತು, ಎಮ್ಮೆಯೂ ಸೇರಿ.

ಯಲಬುರ್ಗಾದಿಂದ ಕುಕನೂರಿಗೆ ಹೋಗುವ ಬಂಡಿದಾರಿಯಿಂದ ಒಂದಿಷ್ಟು ಒಳಗೆ, ಎರೆಹೊಲಗಳ ನಡುವೆ ನಮ್ಮ ಊರು. ಮಣ್ಣಿನ ಮಾಳಿಗೆ ಮನೆ. ಒಳಗೆ ಕಾಲಿಟ್ಟ ಕೂಡಲೇ ದನ ಕಟ್ಟುವ ಜಾಗ, ಅದರಿಂದ ಮೊಳದಷ್ಟು ಎತ್ತರಕ್ಕೆ ಪಡಸಾಲೆ, ಅದರಾಚೆ ಅಡಿಗೆಮನೆ, ಅಡಿಗೆಮನೆಯ ಪಕ್ಕಕ್ಕೆ ಆ ಕತ್ತಲೆ ಕೋಣೆ. ಅದಕ್ಕೆ ಕಿಟಕಿಯೆಂಬುದೇ ಇರಲಿಲ್ಲ. ಮಾಳಿಗೆಯಲ್ಲಿ ಅಂಗೈ ಅಗಲದ ಒಂದು ಬೆಳಕಿಂಡಿ, ಅದರಿಂದ ಬಿದ್ದ ಬಿಸಿಲು ಮುಂಜಾನೆ ಜೋಳದ ಚೀಲಗಳ ಮೇಲೆ ಇದ್ದದ್ದು ಸಂಜೆಗೆ ಎದುರು ಗೋಡೆ ಹತ್ತಿ ಮಾಯವಾಗುತ್ತಿತ್ತು. ಗಡಿಯಾರ ಕಾಣದ ಮನೆಯಲ್ಲಿ ನಾನು ಹೊತ್ತು ನೋಡಲು ಕಲಿತದ್ದು ಆ ಬೆಳಕಿನ ತುಣುಕಿನಿಂದಲೇ. ಅದನ್ನು ಅಷ್ಟು ಹೊತ್ತು ನೋಡುತ್ತ ಕೂರುವ ಪ್ರಸಂಗ ಯಾವ ಮಗುವಿಗೂ ಬರಬಾರದು, ಆ ಮಾತು ಬೇರೆ.

ಬೇರೆಯವರ ಮನೆಗಳಲ್ಲಿ ಎಳ್ಳ ಅಮಾವಾಸ್ಯೆಗೆ ಹುಳಿ ಅಂಬಲಿ ಮಾಡುತ್ತಿದ್ದರು. ಹೊಲಕ್ಕೆ ಹೋಗಿ, ಬನ್ನಿಗಿಡದ ಕೆಳಗೆ ಐದು ಕಲ್ಲು ಇಟ್ಟು ಪೂಜೆ ಮಾಡಿ, ಎಡೆಯ ಅಡಿಗೆಯನ್ನು ಚರಗವೆಂದು ಹೊಲದ ತುಂಬ ಚೆಲ್ಲಿ, ಅಂಬಲಿ ಕುಡಿದು ಬರುತ್ತಿದ್ದರು. ನಮ್ಮ ಮನೆತನದಲ್ಲಿ ಅದು ಅಂಬಲಿಯನ್ನು ದಾಟಿ ಒಂದು ಹೆಜ್ಜೆ ಮುಂದೆ ಹೋಗಿತ್ತು. ಜೋಳವನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಮಾಳಿಗೆಯ ಮೇಲೆ ಒಣಗಿಸಿ, ಬೀಸಿ, ತೆಳ್ಳಗೆ ಗಂಜಿ ಕಾಯಿಸಿ, ಆರಿದ ಮೇಲೆ ಹೋದ ವರ್ಷದ ಗಸಿಯನ್ನು ತಟ್ಟಿ ಒಣಗಿಸಿಟ್ಟಿದ್ದ ಬಿಲ್ಲೆಯನ್ನು ಪುಡಿ ಮಾಡಿ ಹಾಕಿ ಹರವಿಗೆ ಸುರಿಯುತ್ತಿದ್ದರು. ಆಮೇಲೆ ಅದರ ಪಾಡಿಗೆ ಅದು. ಕುಡಿದವರ ಕಿವಿ ಬೆಚ್ಚಗಾಗುತ್ತಿತ್ತು ಎಂದರೆ ಅದು ಏನೆಂದು ನೀವೇ ತಿಳಿದುಕೊಳ್ಳಿ. ಮನೆಯಲ್ಲಿ ಯಾರೂ ಅದನ್ನು ಹೆಂಡ ಎನ್ನುತ್ತಿರಲಿಲ್ಲ, "ಹೊಲದವ್ವನ ನೀರು" ಎನ್ನುತ್ತಿದ್ದರು. ಆಗ ನಮ್ಮದು ನಿಜಾಮರ ಸೀಮೆ. ಗುತ್ತೇದಾರನ ಅಂಗಡಿಯ ಸೇಂದಿ ಬಿಟ್ಟರೆ ಬೇರೆ ಯಾವುದೂ ಯಾರ ಮನೆಯಲ್ಲೂ ಹುಳಿಯಬಾರದೆಂದು ಕಾಯಿದೆ ಇತ್ತಂತೆ. ಹಾಗಾಗಿ ವಾಸನೆ ಓಣಿಗೆ ಹೋಗಬಾರದು ಎಂಬ ಅಂಜಿಕೆಯೂ ಜೊತೆಗಿತ್ತು.

ಉಕ್ಕದಂತೆ ನೋಡಿಕೊಳ್ಳಲು ಆಯಿಯ ಹತ್ತಿರ ತನ್ನದೇ ಕಟ್ಟುಗಳಿದ್ದವು. ಹರವಿಯನ್ನು ಎಂದೂ ಕಂಠದ ತನಕ ತುಂಬುತ್ತಿರಲಿಲ್ಲ, ಮೇಲೆ ಒಂದು ಗೇಣು ಖಾಲಿ ಬಿಡುತ್ತಿದ್ದಳು. ಕಂಠದ ಒಳಮೈಗೆ ಸುತ್ತಲೂ ಬೆರಳಿನಿಂದ ಔಡಲೆಣ್ಣೆ ಸವರುತ್ತಿದ್ದಳು. ಮೇಲೇರಿದ ನೊರೆ ಆ ಎಣ್ಣೆಗೆ ತಾಗಿತೋ, ಸುಸ್ ಎಂದು ಕೂತುಬಿಡುತ್ತಿತ್ತು. ಹರವಿಯನ್ನು ಹಸಿ ಉಸುಕಿನ ಮೇಲೆ ಕೂರಿಸಿ ತಂಪಾಗಿ ಇಡುತ್ತಿದ್ದಳು. ಬಾಯಿಗೆ ಮುಚ್ಚಳ ಹಾಕದೆ ತೊಳೆದ ಬಟ್ಟೆ ಕಟ್ಟುತ್ತಿದ್ದಳು. ಮುಂಜಾನೆಗೊಮ್ಮೆ ಮಧ್ಯಾಹ್ನಕ್ಕೊಮ್ಮೆ ಬೇವಿನ ಕೋಲಿನಿಂದ ಕೈಯಾಡಿಸಿ ನೊರೆ ಇಳಿಸಿ ಮತ್ತೆ ಎಣ್ಣೆ ಸವರುತ್ತಿದ್ದಳು. ಇಷ್ಟೆಲ್ಲ ಮಾಡಿದ ಮೇಲೆ, ಇದು ಸಾಲದೆಂಬಂತೆ, ನಮ್ಮ ಬಾಯಿಗಳನ್ನೂ ಮುಚ್ಚಿಸುತ್ತಿದ್ದಳು. ಎಣ್ಣೆಯನ್ನು ನಾನು ಇವತ್ತಿಗೂ ನಂಬುತ್ತೇನೆ. ಬಾಯಿ ಮುಚ್ಚಿಸಿದ್ದು ಮಾತ್ರ ಶುದ್ಧ ದಂಡ.

ನನಗೆ ಹಾಲುಹಲ್ಲು ಬೀಳುತ್ತಿದ್ದ ವಯಸ್ಸು. ಆ ಚಳಿಗಾಲದಲ್ಲಿ ನನ್ನ ಅವ್ವ ಜ್ವರ ಬಂದು ಮಲಗಿದಳು. ಪಡಸಾಲೆಯಲ್ಲಿ ಕಂಬಳಿ ಹೊದ್ದು ಮಲಗಿದ್ದವಳು ನಡುಗಿದರೆ ಪಕ್ಕದಲ್ಲಿದ್ದ ತಂಬಿಗೆಯೂ ನಡುಗುತ್ತಿತ್ತು. ಹರವಿ ತುಂಬಿಟ್ಟಿದ್ದ ದಿನಗಳಲ್ಲೇ ಒಂದು ದಿನ ಮುಂಜಾನೆಯಿಂದ ಹೆಂಗಸರು ಒಬ್ಬೊಬ್ಬರೇ ಬಂದು ಕೂತರು. ನಾನು ಅವ್ವನ ಕಾಲಿನ ಹತ್ತಿರ ಕೂತಿದ್ದೆ. ಆಯಿ ಬಂದು ನನ್ನ ರಟ್ಟೆ ಹಿಡಿದು ಎಬ್ಬಿಸಿ ಕತ್ತಲೆ ಕೋಣೆಗೆ ಕರೆದೊಯ್ದಳು. ಹರವಿಯ ಪಕ್ಕದಲ್ಲಿ ಗೋಡೆಗೆ ಒರಗಿಸಿ ಕೂರಿಸಿದಳು.

"ಇಲ್ಲೇ ಕುಂದ್ರು. ಮಾತಾಡಬ್ಯಾಡ, ಅಳಬ್ಯಾಡ, ಏಳಬ್ಯಾಡ. ನಾ ಬಂದು ಕರಿತೀನಿ."

ನಾನು ಕೂತೆ. ಹರವಿ ಒಳಗೆ ಗುಳುಗುಳು ಎನ್ನುತ್ತಿತ್ತು, ಯಾರೋ ಬಾಯಿ ಮುಚ್ಚಿಕೊಂಡು ನಕ್ಕ ಹಾಗೆ. ಬೆಳಕಿನ ತುಣುಕು ಚೀಲದಿಂದ ಇಳಿದು ನೆಲಕ್ಕೆ ಬಂದಿತ್ತು. ಆಗ ಪಡಸಾಲೆಯಲ್ಲಿ ಹೆಂಗಸರೆಲ್ಲ ಒಮ್ಮೆಲೇ ಅತ್ತರು. ಮಾತೇ ಆಡಬಾರದ ದಿನಗಳಲ್ಲಿ ಇವರೆಲ್ಲ ಹೀಗೆ ಕೂಗುತ್ತಾರಲ್ಲ ಎಂದು ನನಗೆ ಗಾಬರಿಯಾಯಿತು. ಆಮೇಲೆ ಹೆಜ್ಜೆಗಳು, ಗಂಡಸರ ಮಾತು, ಬಿದಿರು ಕಡಿಯುವ ಸದ್ದು. ನನ್ನನ್ನು ಕರೆಯಲು ಯಾರೂ ಬರಲಿಲ್ಲ. ಮಧ್ಯಾಹ್ನ ಕೈಯಾಡಿಸಲು ಸಹ ಯಾರೂ ಬರಲಿಲ್ಲ. ಬೆಳಕು ನೆಲ ದಾಟಿ ಎದುರು ಗೋಡೆ ಹತ್ತುವಾಗ ಹರವಿಯ ಬಾಯಿಗೆ ಕಟ್ಟಿದ್ದ ಬಟ್ಟೆ ಉಬ್ಬಿತು, ಅಂಚಿನಿಂದ ನೊರೆ ಇಳಿಯಿತು, ಉಸುಕು ದಾಟಿ ನನ್ನ ಲಂಗಕ್ಕೆ ಬಂತು. ತಣ್ಣಗಿತ್ತು. ಏಳಬೇಡ ಎಂದಿದ್ದಳಲ್ಲ ಆಯಿ, ನಾನು ಏಳಲಿಲ್ಲ. ಬೆಳಕು ಪೂರ್ತಿ ಹೋದ ಮೇಲೆ ಬಾಯಾರಿಕೆ ತಡೆಯದೆ ಎದ್ದು ಹೊರಗೆ ಬಂದೆ. ಪಡಸಾಲೆ ಖಾಲಿ. ಕಂಬಳಿ ಇಲ್ಲ, ಅವ್ವ ಇಲ್ಲ, ತಂಬಿಗೆಯೊಂದೇ ಇತ್ತು. ತಲೆಬಾಗಿಲು ಪೂರ್ತಿ ತೆರೆದಿತ್ತು. ಎಲ್ಲರೂ ಅವ್ವನನ್ನು ಕರೆದುಕೊಂಡು ಹೋಗಿಬಿಟ್ಟಿದ್ದರು. ನನ್ನನ್ನು ಮರೆತಿದ್ದರು.

ಮಣ್ಣು ಕೊಟ್ಟು ಬಂದು, ಮೈ ತೊಳೆದುಕೊಂಡು, ಆಯಿ ದೀಪ ಹಿಡಿದು ಕತ್ತಲೆ ಕೋಣೆಗೆ ಹೋದಳು. ನೆಲದ ಮೇಲೆ ಹರಿದದ್ದನ್ನು ನೋಡಿದಳು. ಅಲ್ಲೇ ಎದೆ ಎದೆ ಬಡಿದುಕೊಂಡಳು.

"ಹರವಿ ಉಕ್ಕಿತ್ರವ್ವಾ! ಹರವಿ ಉಕ್ಕಿತು, ನಮ್ಮ ಸೊಸಿ ಹೋದ್ಲು!"

ಸಮಾಧಾನ ಹೇಳಲು ಬಂದವರಿಗೆಲ್ಲ ಇದೇ ಮಾತು. ಹರವಿ ಉಕ್ಕಿತು, ಸೊಸಿ ಹೋದ್ಲು. ಬಂದವರು ತಲೆ ಆಡಿಸುತ್ತಿದ್ದರು, "ಹೌದವ್ವ, ಸೂಚನಾ ಕೊಟ್ಟಿತ್ತು ನೋಡು" ಎನ್ನುತ್ತಿದ್ದರು. ನಾನು ಕಂಬದ ಹಿಂದೆ ನಿಂತು ಕೇಳುತ್ತಿದ್ದೆ. ಕೇಳಿ ಕೇಳಿ ಅದು ನನಗೆ ಮಗ್ಗಿಯ ಹಾಗೆ ಬಾಯಿಪಾಠವಾಯಿತು. ಮಗ್ಗಿಯನ್ನು ಹೇಳುವವರು ಅದರ ಲೆಕ್ಕ ಸರಿಯೋ ತಪ್ಪೋ ಎಂದು ನೋಡುತ್ತಾರೆಯೇ? ನಾನೂ ನೋಡಲಿಲ್ಲ. ನನ್ನನ್ನು ಯಾರೂ ಏನನ್ನೂ ಕೇಳಲಿಲ್ಲ.

ಆಮೇಲಿನ ವರ್ಷಗಳಲ್ಲಿ ಹರವಿಯ ದಿನಗಳಿಗೂ ಬೇರೆ ದಿನಗಳಿಗೂ ವ್ಯತ್ಯಾಸ ಉಳಿಯಲಿಲ್ಲ. ವರ್ಷವಿಡೀ ಮನೆ ಬಾಯಿ ಕಟ್ಟಿಕೊಂಡೇ ಇತ್ತು. ಅಪ್ಪ ಮೊದಲೇ ಕಡಿಮೆ ಮಾತಿನ ಮನುಷ್ಯ. ಈಗ ಎತ್ತುಗಳ ಸಂಗಡ ಆಡುತ್ತಿದ್ದ ಎರಡು ಮಾತು ಬಿಟ್ಟರೆ ಮನೆಗೆ ಒಂದೂ ಉಳಿಸುತ್ತಿರಲಿಲ್ಲ. ಉಣ್ಣಲು ಕೂತರೆ ರೊಟ್ಟಿ ಮುರಿಯುವ ಸದ್ದು ಕೇಳುತ್ತಿತ್ತು. ಆಯಿ ನನಗೆ ಎಣ್ಣೆ ಹಚ್ಚಿ ತಲೆ ಬಾಚುತ್ತಿದ್ದಳು, ಹೊಟ್ಟೆ ತುಂಬ ಉಣ್ಣಿಸುತ್ತಿದ್ದಳು, ಯಾವುದಕ್ಕೂ ಕಡಿಮೆ ಮಾಡಲಿಲ್ಲ, ಮಾತೊಂದನ್ನು ಬಿಟ್ಟು. ಓಣಿಯ ಹುಡುಗಿಯರು ಆಟಕ್ಕೆ ಕರೆಯುತ್ತಿದ್ದರು, ಆದರೆ ನಾನು ಅವರ ಗದ್ದಲ ಕೇಳಿದರೇ ಒಳಗೆ ಓಡಿಬರುತ್ತಿದ್ದೆ. ಇಂಥ ಮನೆಯಲ್ಲಿ ನನ್ನ ಸಂಗಡ ಮಾತಾಡುತ್ತಿದ್ದದ್ದು ಆ ಹರವಿಯೊಂದೇ, ಅದೂ ವರ್ಷಕ್ಕೊಮ್ಮೆ. ಆಯಿ ಹಿತ್ತಲಿಗೆ ಹೋದಾಗ ನಾನು ಕತ್ತಲೆ ಕೋಣೆಗೆ ಹೋಗಿ ಅದರ ಹೊಟ್ಟೆಗೆ ಕಿವಿ ಹಚ್ಚಿ ಕೂರುತ್ತಿದ್ದೆ. ಗುಳುಗುಳು, ಗುಳುಗುಳು. ಅವ್ವನನ್ನು ಕರೆದೊಯ್ದದ್ದು ಇದೇ ಎಂದು ಎಲ್ಲರೂ ಹೇಳುತ್ತಿದ್ದರು. ಆದರೂ ಅದರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವತ್ತು ನನ್ನ ಸಂಗಡ ಕೊನೆತನಕ ಇದ್ದದ್ದು ಅದೇ ತಾನೆ!

ಹೀಗಿರುವಾಗ ಅಪ್ಪನಿಗೆ ಗಂಗಾವತಿ ಕಡೆಯ ಹೆಣ್ಣು ತಂದರು. ಸುಂಕಮ್ಮ ಎಂದು ಹೆಸರು. ನಾನು ಆಕೆಯನ್ನು ಚಿಗವ್ವ ಎಂದು ಕರೆಯಬೇಕು ಎಂದು ಆಯಿ ಹೇಳಿದಳು. ಗದ್ದೆ ಸೀಮೆಯ ಹುಡುಗಿ, ಇನ್ನೂ ಮೈತುಂಬಿಕೊಳ್ಳುವ ವಯಸ್ಸು. ಬರುವಾಗ ಸೀರೆಗಿಂತ ಹೆಚ್ಚಾಗಿ ಒಂದು ಗಂಟು ಅಕ್ಕಿ ತಂದಿದ್ದಳು. ನಮ್ಮ ಕಡೆ ಅಕ್ಕಿಯೆಂದರೆ ಹಬ್ಬಕ್ಕೊಂದು ಹಿಡಿ, ಜ್ವರದವರಿಗೊಂದು ಹಿಡಿ. ಚಿಗವ್ವನಿಗೆ ರೊಟ್ಟಿ ಬಡಿಯಲು ಬರುತ್ತಿರಲಿಲ್ಲ. ಆಕೆ ಬಡಿದ ರೊಟ್ಟಿ ಹಂಚಿಗೆ ಹೋಗುವಷ್ಟರಲ್ಲಿ ಮೂರು ತುಂಡಾಗುತ್ತಿತ್ತು.

"ಅಯ್ಯಯ್ಯೋ ನೋಡೇ ನೀಲಿ, ಇದು ರೊಟ್ಟಿನೋ, ಗಂಗಾವತಿ ತಾಲೂಕಿನ ನಕ್ಷಿನೋ?"

ನಾನು ನಕ್ಕುಬಿಟ್ಟೆ. ನಕ್ಕ ಕೂಡಲೇ ಕೈಯಿಂದ ಬಾಯಿ ಮುಚ್ಚಿಕೊಂಡೆ. ಚಿಗವ್ವ ನನ್ನ ಕೈಯನ್ನು ಬಾಯಿಂದ ತೆಗೆದು ಕೆಳಗಿಳಿಸಿದಳು. ಹಿಟ್ಟು ಹತ್ತಿದ ಕೈ. ಅಷ್ಟೇ ಮಾಡಿದ್ದು. ನಾನು ಅವತ್ತಿನಿಂದ ಆಕೆಯ ಸೆರಗು ಬಿಡಲಿಲ್ಲ. ಹಿಟ್ಟಿಗೆ ಎಸರು ಎಷ್ಟು, ನಾದುವುದು ಹೇಗೆ ಎಂದು ನಾನು ಆಕೆಗೆ ತೋರಿಸಿದೆ. ಆಕೆ ನನಗೆ ಔಡಲ ಎಲೆಯ ಟೊಳ್ಳು ದಂಟನ್ನು ಅಂಟವಾಳದ ನೀರಿಗೆ ಅದ್ದಿ ಗುಳ್ಳೆ ಊದುವುದನ್ನು ಕಲಿಸಿದಳು. ಬೀಸುವಾಗ ಹಾಡುತ್ತಿದ್ದಳು, ಅರ್ಧ ಕನ್ನಡ ಅರ್ಧ ತೆಲುಗು. ಊಟಕ್ಕೆ ಕರೆಯುವಾಗ "ಬಾರೇ, ಬುವ್ವ ತಿನ್ನು" ಎನ್ನುತ್ತಿದ್ದಳು, ತಾಟಿನಲ್ಲಿ ಇರುತ್ತಿದ್ದದ್ದು ಅನ್ನವಲ್ಲದೆ ಜೋಳದ ನುಚ್ಚಾದರೂ. ಆಯಿ ಗುರ್ ಎನ್ನುತ್ತಿದ್ದಳು, ಆದರೆ ತಡೆಯುತ್ತಿರಲಿಲ್ಲ. ಒಮ್ಮೆ ಅಪ್ಪ ಊಟದ ನಡುವೆ, "ಇವತ್ತ ಉಪ್ಪು ಛಲೋ ಬಿದ್ದೈತಿ" ಎಂದ. ಮೂವರೂ ಆತನ ಕಡೆಗೆ ತಿರುಗಿ ನೋಡಿದೆವು.

ಆ ವರ್ಷ ಎಳ್ಳ ಅಮಾವಾಸ್ಯೆ ಬಂತು. ಆಯಿ ಹರವಿಯ ಕೆಲಸವನ್ನು ಯಾರ ಕೈಗೂ ಕೊಡಲಿಲ್ಲ, ತಾನೇ ತುಂಬಿದಳು. ಆಮೇಲೆ ಚಿಗವ್ವನನ್ನು ಎದುರಿಗೆ ನಿಲ್ಲಿಸಿ ಎಚ್ಚರಿಕೆ ಕೊಟ್ಟಳು.

"ಇದು ಉಕ್ಕಿದ ವರ್ಷ ನನ್ನ ಸೊಸಿ ಹೋಗ್ಯಾಳ. ಇನ್ನೊಮ್ಮೆ ಉಕ್ಕಿದ್ರ ನಿನ್ನ ಈ ಮನ್ಯಾಗ ಇಟ್ಟುಕೊಳ್ಳೂದಿಲ್ಲ, ತವರಿಗೆ ಕಳಿಸಿಬಿಡ್ತೀನಿ. ತಿಳೀತಿಲ್ಲೋ?"

"ಅತ್ತಿ, ಹಾಲು ಉಕ್ಕಿದ್ರ ಛಲೋ ಅಂತಾರಲ್ರಿ. ಇದು ಉಕ್ಕಿದ್ರ ಯಾಕ ಕೆಟ್ಟದ್ದು?"

"ಎದುರು ಮಾತಾಡಬ್ಯಾಡ."

ಅವತ್ತಿನಿಂದ ಹರವಿಗೆ ಕಿವಿ ಹಚ್ಚುವುದನ್ನು ಬಿಟ್ಟು ಕಾವಲು ಕೂತೆ. ಎಣ್ಣೆ ಆರಿದೆಯೇ, ಬಟ್ಟೆ ಉಬ್ಬಿದೆಯೇ ಎಂದು ಹೋಗಿ ಹೋಗಿ ನೋಡುತ್ತಿದ್ದೆ. ಚಿಗವ್ವ ಹಾಡಲು ಬಾಯಿ ತೆರೆದರೆ ನಾನೇ ಓಡಿ ಹೋಗಿ "ಷ್" ಎನ್ನುತ್ತಿದ್ದೆ. ಒಬ್ಬಳನ್ನು ಕಳೆದುಕೊಂಡ ಮಗು ಎರಡನೆಯವಳನ್ನು ಕಾಯುವ ರೀತಿ ಬೇರೆ ಇರುತ್ತದೆ. ಆಕೆ ನಕ್ಕು ನನ್ನ ಹಣೆಗೆ ಹಣೆ ಹಚ್ಚುತ್ತಿದ್ದಳು.

ಹಬ್ಬಕ್ಕೆ ಬೇಕಾದ ಬಳೆ, ಬುಟ್ಟಿ ತರಲು ಆಯಿ ಅಪ್ಪನ ಸಂಗಡ ಬಂಡಿಯಲ್ಲಿ ಕುಕನೂರಿನ ಸಂತೆಗೆ ಹೊರಟಳು. ಹೋಗುವಾಗ ಮಧ್ಯಾಹ್ನ ಕೈಯಾಡಿಸಿ ಎಣ್ಣೆ ಸವರು ಎಂದಷ್ಟೇ ಹೇಳಿದಳು. ಒಂದು ಗೇಣು ಖಾಲಿ ಬಿಟ್ಟದ್ದು ಯಾಕೆ ಎಂದು ಹೇಳಲಿಲ್ಲ. ಹೇಳುವ ಅಭ್ಯಾಸ ಆ ಮನೆಗೆ ಎಲ್ಲಿತ್ತು? ಚಿಗವ್ವ ಬೇವಿನ ಕೋಲು ಹಿಡಿದು, ಬಟ್ಟೆ ಬಿಚ್ಚಿ, ಮೊದಲ ಸಲ ಹರವಿಯ ಒಳಗೆ ಬಗ್ಗಿ ನೋಡಿದಳು. ನಾನು ಹಿತ್ತಲಲ್ಲಿ ಎಮ್ಮೆಗೆ ನೀರು ಕುಡಿಸುತ್ತಿದ್ದೆ. ಅದನ್ನು ತಂದು ಗೂಟಕ್ಕೆ ಕಟ್ಟಿ ಒಳಗೆ ಬರುವಷ್ಟರಲ್ಲಿ ಆಕೆ ತನ್ನ ಗಂಟಿನ ಅಕ್ಕಿಯನ್ನು ಗಂಜಿ ಕಾಯಿಸಿ, ಇನ್ನೂ ಬೆಚ್ಚಗಿದ್ದಾಗಲೇ ತಂದು ಹರವಿಗೆ ಸುರಿದು, ಕಂಠದ ತನಕ ತುಂಬಿ, ಬಟ್ಟೆ ಕಟ್ಟಿ, ಕುಂಕುಮ ಹಚ್ಚುತ್ತಿದ್ದಳು.

"ಚಿಗವ್ವ, ಏನು ಮಾಡಿದಿ!"

"ಕೊರತಿ ಇತ್ತಲ್ಲೇ, ತುಂಬಿದೆ. ನಮ್ಮ ಕಡೆ ತಾಯಿಲ್ಲದ ಮನಿಗೆ ಸೊಸಿ ಬಂದ್ರ ಮೊದ್ಲ ಕೊರತಿ ಇದ್ದ ಗಡಗಿ ಎಲ್ಲಾ ತುಂಬಬೇಕು. ಒಂದು ಗೇಣು ಕೊರತಿ ಇಟ್ಟು ಹೊಲದವ್ವಗ ಕೊಟ್ರ ಆಕಿ ಸುಮ್ನಿರ್ತಾಳ? ಅದಕ್ಕ ನಿಮ್ಮವ್ವನ್ನ ಕರಕೊಂಡಾಳ. ಇನ್ನ ಅಂಜಬ್ಯಾಡ. ತುಂಬಿದ ಕೊಡ ತುಳುಕೂದಿಲ್ಲ ಅಂತಾರಲ್ಲ!"

ಅಯ್ಯೋ ನನ್ನ ತಾಯಿ! ಗಾದೆಮಾತನ್ನು ನಂಬಿ ಹರವಿ ತುಂಬಿದವಳು ಈ ಲೋಕದಲ್ಲಿ ಆಕೆ ಒಬ್ಬಳೇ ಇರಬೇಕು. ಹರವಿ ಗಾದೆ ಕೇಳಿಸಿಕೊಳ್ಳಲಿಲ್ಲ. ಅಕ್ಕಿಯ ಗಂಜಿ, ಅದೂ ಬೆಚ್ಚನೆಯದು. ನಾವು ಒಂದು ರೊಟ್ಟಿ ತಿಂದು ಕೈ ತೊಳೆಯುವಷ್ಟರಲ್ಲಿ ಕೋಣೆಯಿಂದ ಸುರ್ ಎಂಬ ಸದ್ದು ಬಂತು. ಓಡಿದೆವು. ಬಟ್ಟೆ ಎಮ್ಮೆಯ ಕೆಚ್ಚಲಿನ ಹಾಗೆ ಉಬ್ಬಿತ್ತು. ಸುತ್ತಲೂ ನೊರೆ ಇಳಿಯುತ್ತಿತ್ತು.

"ಬಿಚ್ಚು, ಬಿಚ್ಚು!"

ಬಿಚ್ಚಿದ್ದೇ ತಪ್ಪಾಯಿತು. ಕಟ್ಟು ಸಡಿಲಾದ ಕೂಡಲೇ ಭುಸ್ಸೆಂದು ಚಿಗವ್ವನ ಮುಖಕ್ಕೆ ಹಾರಿತು. ನಾನು ಎಣ್ಣೆಯ ಕುಡಿಕೆಯನ್ನೇ ತಂದು ಮೇಲೆ ಸುರಿದೆ. ಕಂಠಕ್ಕೆ ಸವರಲು ಜಾಗವೇ ಇರಲಿಲ್ಲ. ಚಿಗವ್ವ ತಂಬಿಗೆಯಿಂದ ತೋಡಿ ತೋಡಿ ಕೊಡಕ್ಕೆ ಹಾಕಿದಳು. ತೋಡಿದಷ್ಟೂ ಮೇಲೆ ಬಂತು. ಉಕ್ಕಿದ್ದು ಅಡಿಗೆಮನೆ ದಾಟಿ, ಪಡಸಾಲೆಯ ಮೂಲೆ ದಾಟಿ, ದನ ಕಟ್ಟುವ ಜಾಗಕ್ಕೆ ಇಳಿಯಿತು. ಎಮ್ಮೆ ನಾಲಗೆ ಚಾಚಿ ನೆಕ್ಕಿತು, ಮೂಗರಳಿಸಿತು, ಮತ್ತೆ ನೆಕ್ಕಿತು. ಸ್ವಲ್ಪ ಹೊತ್ತಿಗೆ ಗೂಟಕ್ಕೆ ಹಣೆ ಹಚ್ಚಿ ಕಣ್ಣು ಮುಚ್ಚಿ ನಿಂತಿತು. ಬೇರೆ ದಿನವಾಗಿದ್ದರೆ ನಾವಿಬ್ಬರೂ ಬಿದ್ದು ಬಿದ್ದು ನಗುತ್ತಿದ್ದೆವು. ಅವತ್ತು ಸಗಣಿ ಕಲಸಿ ಇಡೀ ಮನೆ ಸಾರಿಸಿದೆವು. ಕೊನೆಗೆ ಹರವಿ ದಣಿದು ತಾನಾಗಿ ಸುಮ್ಮನಾಯಿತು. ಆಗ ನೋಡಿದರೆ ಅದರಲ್ಲಿ ಅರ್ಧ ಮಾತ್ರ ಉಳಿದಿತ್ತು.

ದೀಪ ಹಚ್ಚುವ ಹೊತ್ತಿಗೆ ಬಂಡಿ ಬಂತು. ಆಯಿ ಹೊಸ್ತಿಲಲ್ಲೇ ನಿಂತಳು. ಸಾರಿಸುವ ವಾರವಲ್ಲದ ವಾರ ಮನೆಯೆಲ್ಲ ಹಸಿ. ಗೂಟಕ್ಕೆ ಹಣೆ ಹಚ್ಚಿದ ಎಮ್ಮೆ. ಯಾರೂ ಏನೂ ಹೇಳಬೇಕಾಗಲಿಲ್ಲ. ಆಕೆ ಒಳಗೆ ಹೋಗಿ ಹರವಿಯಲ್ಲಿ ಬೆರಳು ಅದ್ದಿ ನಾಲಗೆಗೆ ಹಚ್ಚಿಕೊಂಡಳು.

"ಅಕ್ಕಿ ಹಾಕಿದವ್ರ್ಯಾರು?"

"ನಾನ್ರಿ ಅತ್ತಿ. ಕೊರತಿ ಇತ್ತು ಅಂತ..."

"ಅದು ಕೊರತಿ ಅಲ್ಲವ್ವ. ಉಕ್ಕಾಕ ಬಿಟ್ಟ ಜಾಗ."

ಆಯಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅಪ್ಪನ ಕಡೆಗೆ ತಿರುಗಿ ಸಣ್ಣ ದನಿಯಲ್ಲಿ ಹೇಳಿದಳು.

"ತಮ್ಮಾ, ಮುಂಜಾನೆದ್ದು ಈಕಿನ್ನ ತವರಿಗೆ ಬಿಟ್ಟು ಬಾ. ಮತ್ತ ಕರಿಯಾಕ ಹೋಗಬ್ಯಾಡ. ಇಲ್ಲಿದ್ರ ಸಾಯ್ತಾಳ. ಎಲ್ಲೆರ ಬದುಕಲಿ, ಪರರ ಕೂಸು."

ಅಪ್ಪ ನಿಂತೇ ಇದ್ದ. "ಆತವ್ವ" ಎಂದ. ಅಷ್ಟೇ. ನನಗೆ ಆ ಕ್ಷಣದಲ್ಲಿ ಅಪ್ಪನ ಮೇಲೆ ಬಂದ ಸಿಟ್ಟು ಆತ ಮಣ್ಣಿಗೆ ಹೋದ ಮೇಲೂ ಪೂರ್ತಿ ಇಳಿದಿಲ್ಲ. ಚಿಗವ್ವ ಆಯಿಯ ಕಾಲು ಹಿಡಿದಳು, "ತಪ್ಪಾತ್ರಿ ಅತ್ತಿ, ಇನ್ನೊಮ್ಮೆ ಮಾಡೂದಿಲ್ರಿ" ಎಂದಳು. ಆಯಿ ಆಕೆಯ ತಲೆಯ ಮೇಲೆ ಕೈಯಿಟ್ಟಳು, ಮನಸ್ಸು ಮಾತ್ರ ಬದಲಿಸಲಿಲ್ಲ.

ಮುಂಜಾನೆ ಬಂಡಿ ಹೂಡಿ ಬಾಗಿಲ ಮುಂದೆ ನಿಲ್ಲಿಸಿದ್ದರು. ಚಿಗವ್ವ ಗಂಟು ಕಟ್ಟಿಕೊಂಡು ಬಂದಳು; ಅಕ್ಕಿ ಮುಗಿದಿದ್ದರಿಂದ ಗಂಟು ಬಂದಾಗಿನದಕ್ಕಿಂತ ಸಣ್ಣದಿತ್ತು. ನನ್ನ ಹಣೆಗೆ ಹಣೆ ಹಚ್ಚಿದಳು. "ರೊಟ್ಟಿ ಈಗ ಮುರಿಯೂದಿಲ್ಲ ನೋಡು, ನೀ ಕಲಿಸಿದ್ದು" ಎಂದಳು. ಪಕ್ಕದ ಮನೆಯ ಗೌರವ್ವ ಬಾಗಿಲಿಗೆ ಬಂದು, ಏನಾಯಿತು, ಎಲ್ಲಿಗೆ ಹೊರಟರು ಎಂದು ಕೇಳಿದಳು. ಆಯಿ ಸೆರಗಿನಿಂದ ಮೂಗು ಒರೆಸಿಕೊಂಡು ತನ್ನ ಹಳೆಯ ಮಾತನ್ನೇ ಹೇಳಿದಳು.

"ಏನ ಹೇಳ್ಲೆ ಗೌರವ್ವ. ಮತ್ತ ಉಕ್ಕೇತಿ. ಆಗ ಹರವಿ ಉಕ್ಕಿತು, ಸೊಸಿ ಹೋದ್ಲು. ಅದಕ್ಕ ಈಕಿನ್ನ ಮೊದ್ಲ ಕಳಿಸಾಕತ್ತೀನಿ."

ಎಷ್ಟು ಸಲ ಕೇಳಿದ್ದೆನೋ ಆ ಮಾತನ್ನು. ಆದರೆ ಚಿಗವ್ವನ ಕಾಲು ಬಂಡಿಯ ಮೇಲೆ ಇರುವಾಗ ಕೇಳಿದ್ದು ಅದೇ ಮೊದಲು. ಗೋಡೆ ಹತ್ತುತ್ತಿದ್ದ ಬೆಳಕಿನ ತುಣುಕು ನನ್ನ ಕಣ್ಣಿಗೆ ಬಂತು. ತಣ್ಣಗಿನ ಲಂಗ ತೊಡೆಗೆ ಅಂಟಿದ್ದು ನೆನಪಾಯಿತು.

"ಆಯಿ, ಹರವಿ ಆಮ್ಯಾಲೆ ಉಕ್ಕಿತು."

"ಯಾವುದು?"

"ಅವ್ವ ಸತ್ತ ದಿನದ್ದು. ಮೊದ್ಲ ನೀವೆಲ್ಲಾ ಅತ್ರಿ. ಆಮ್ಯಾಲೆ ಬಿದಿರು ಕಡದ್ರು. ಎಲ್ಲಾರೂ ಹೋದ್ರಿ. ಹರವಿ ಆಮ್ಯಾಲೆ ಉಕ್ಕಿತು."

"ನಿನಗೇನ ಗೊತ್ತು? ಸಣ್ಣಾಕಿ ಇದ್ದಿ."

"ನಾ ಅಲ್ಲೇ ಇದ್ನೆಲ್ಲಾ. ನೀನ ಕುಂದ್ರಿಸಿದ್ದಿ. ಮಧ್ಯಾಹ್ನ ಕೈಯಾಡಸಾಕ ನೀ ಬರಲಿಲ್ಲ, ಎಣ್ಣಿ ಹಚ್ಚಾಕ ಬರಲಿಲ್ಲ. ಅದಕ್ಕ ಉಕ್ಕಿತು. ನನ್ನ ಲಂಗ ಎಲ್ಲಾ ತೊಯ್ತು."

ನನ್ನ ದನಿ ಓಣಿಗೆಲ್ಲ ಕೇಳುವಷ್ಟು ಜೋರಾಗಿತ್ತು. ಹರವಿಯ ದಿನಗಳಲ್ಲಿ ಆ ಮನೆಯಲ್ಲಿ ಯಾರೂ ಅಷ್ಟು ಜೋರಾಗಿ ಮಾತಾಡಿರಲಿಲ್ಲ. ಗೌರವ್ವ ಸೆರಗು ಬಾಯಿಗೆ ಹಿಡಿದಳು. ಅಪ್ಪ ನೊಗದ ಮೇಲೆ ಕೈಯಿಟ್ಟವನು ಹಾಗೆಯೇ ನಿಂತ. ಆಯಿ ನನ್ನ ಮುಖವನ್ನು, ಮೊದಲ ಸಲ ನೋಡುವವರ ಹಾಗೆ ನೋಡಿದಳು.

"ನಾ ಬಂದು ಕರಿತೀನಿ ಅಂದಿದ್ನಿ ಅಲ್ಲೇನ ನಿನಗ?"

"ಹ್ಞೂಂ."

"ಯಾರು ಬಂದು ಕರಕೊಂಡು ಹೋದ್ರು?"

"ಯಾರೂ ಬರಲಿಲ್ಲ, ಆಯಿ. ಭಾಳ ಹೊತ್ತು ಕುಂತಿದ್ದೆ. ಆಮ್ಯಾಲೆ ನಾನ ಎದ್ದು ಬಂದೆ."

ಆಯಿ ಬಂಡಿಯ ಗಾಲಿಯನ್ನು ಹಿಡಿದುಕೊಂಡಳು. ಬಿದ್ದಾಳು ಎಂದು ಅಪ್ಪ ಮುಂದೆ ಬಂದ. ಆಕೆ ಆತನನ್ನು ಕೈಯಿಂದ ತಡೆದಳು.

"ಎತ್ತು ಬಿಚ್ಚು ತಮ್ಮಾ. ಆಕಿ ಎಲ್ಲಿಗೂ ಹೋಗೂದಿಲ್ಲ."

ಇಷ್ಟು ಹೇಳಿ ಒಳಗೆ ನಡೆದಳು. ಪಡಸಾಲೆ ದಾಟಿ, ಅಡಿಗೆಮನೆ ದಾಟಿ, ಕತ್ತಲೆ ಕೋಣೆಗೆ ಹೋದಳು. ಹರವಿಗೆ ಕೈಯಾಡಿಸಲು ಹೋಗಿರಬೇಕು ಎಂದುಕೊಂಡೆವು. ಅಪ್ಪ ಎತ್ತು ಬಿಚ್ಚಿ ಮೇವು ಹಾಕಿ, ಏನು ಮಾಡಬೇಕೆಂದು ತಿಳಿಯದೆ ಪಡಸಾಲೆಯ ಕಟ್ಟೆಗೆ ಬಂದು ಕೂತ. ಚಿಗವ್ವ ಗಂಟನ್ನು ಗೂಟಕ್ಕೆ ನೇತುಹಾಕಿ ಒಲೆ ಹಚ್ಚಿದಳು. ನಾನು ಹಿಟ್ಟು ಜರಡಿ ಹಿಡಿದೆ. ರೊಟ್ಟಿಗಳ ರಾಶಿಯಾಯಿತು, ಒಂದೂ ಮುರಿಯಲಿಲ್ಲ. ಪಲ್ಯವಾಯಿತು. ಬಿಸಿಲು ಅಂಗಳಕ್ಕೆ ಬಂತು. ಆಯಿ ಹೊರಗೆ ಬರಲಿಲ್ಲ. ಅಪ್ಪ ಎರಡು ಸಲ ಬಾಗಿಲ ತನಕ ಹೋಗಿ ಹಿಂದಿರುಗಿದ, ಆತನಿಗೆ ಒಳಗೆ ಹೋಗುವ ಧೈರ್ಯವಾಗಲಿಲ್ಲ.

"ತಾನ ಬರ್ತಾಳ ಬಿಡು," ಎಂದ ಅಪ್ಪ.

ಚಿಗವ್ವ ಕೈಯ ಹಿಟ್ಟನ್ನು ಒರೆಸಿಕೊಂಡು ನನ್ನ ಕಡೆಗೆ ನೋಡಿದಳು.

"ತಾನ ಎದ್ದು ಬರೂತನಕ ಬಿಡಬಾರದು ನೀಲಿ. ನೀ ಹೋಗು. ಕರಕೊಂಡು ಬಾ."

ನಾನು ಹೋದೆ. ಕೋಣೆಯಲ್ಲಿ ಕಣ್ಣು ಕತ್ತಲೆಗೆ ಹೊಂದಲು ಸ್ವಲ್ಪ ಹೊತ್ತು ಬೇಕಾಯಿತು. ಆಯಿ ಹರವಿಯ ಪಕ್ಕದಲ್ಲಿ ಗೋಡೆಗೆ ಒರಗಿ ಕೂತಿದ್ದಳು, ನನ್ನನ್ನು ಕೂರಿಸಿದ್ದಳಲ್ಲ, ಅದೇ ಜಾಗದಲ್ಲಿ. ನಿನ್ನೆಯ ಸಗಣಿ ಇನ್ನೂ ಆರಿರಲಿಲ್ಲ, ಆಕೆಯ ಸೀರೆ ತೊಯ್ದಿತ್ತು. ಹರವಿ ಸಣ್ಣಗೆ ಗುಳುಗುಳು ಎನ್ನುತ್ತಿತ್ತು. ಬೆಳಕಿನ ತುಣುಕು ಚೀಲದಿಂದ ನೆಲಕ್ಕೆ ಇಳಿದಿತ್ತು. ಆಯಿ ಅದನ್ನೇ ನೋಡುತ್ತಿದ್ದಳು.

"ಆಯಿ," ಎಂದೆ. "ನಿನ್ನ ಕರಿಯಾಕ ಬಂದೀನಿ. ಏಳು."

ಆಕೆ ಕೈ ಮೇಲಕ್ಕೆ ಚಾಚಿದಳು. ನಾನು ಹಿಡಿದುಕೊಂಡೆ.